ಟರ್ಬೊ ಕೊಳವೆಯ ಮೇಲೊಂದು ರೇಷ್ಮೆ ಗಂಟು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹನೂರು ಠಾಣೆಗೆ ಬಂದ ಶಾಂತಮೂರ್ತಿಯವರು ದೂರಿನ ಜೊತೆಗೆ ಶಿಕ್ಷೆಯನ್ನೂ ತಾವೇ ತೀರ್ಮಾನಿಸಿಕೊಂಡು ಬಂದಿದ್ದರು. ಅವರು ಕೊಳ್ಳೇಗಾಲದ ಸೀರೆ ವ್ಯಾಪಾರಿ. ಅವರ ಹಳೆಯ ಟರ್ಬೊ ಡೀಸೆಲ್ ಕಾರು ಹಿಂದಿನ ಸಂಜೆ ಹನೂರು ದಾಟಿದ ಏರಿನಲ್ಲಿ ಎಂಜಿನ್ ಕೆಟ್ಟು, ಹಿಂದಕ್ಕೆ ಜಾರಿ ತಡೆಗೋಡೆಗೆ ಬಡಿದಿತ್ತು. ಓಡಿಸುತ್ತಿದ್ದ ಮಗ ತೇಜಸ್‌ನ ಭುಜದ ಮೂಳೆ ಮುರಿದಿತ್ತು.

“ಆ ಮಾಲಿನಿ ಗ್ಯಾರೇಜಿಗೆ ಬೀಗ ಜಡೀರಿ ಮೇಡಂ. ಪವರ್ ಜಾಸ್ತಿ ಮಾಡ್ತೀನಿ ಅಂತ ನನ್ ಮಗನ್ನ ಸಾಯಿಸ್ತಿದ್ಲು.”

ಸಬ್ ಇನ್ಸ್‌ಪೆಕ್ಟರ್ ಇಂಚರ ಎಫ್‌ಐಆರ್ ದಾಖಲಿಸಿದರು. ಬೀಗದ ಮಾತು ಆಮೇಲೆ ನೋಡೋಣ ಎಂದರು.

ಸ್ಥಳದಲ್ಲಿ ಪಂಚನಾಮೆ ನಡೆಯಿತು. ಬ್ರೇಕ್ ಗಟ್ಟಿಯಾಗಿದ್ದುದರಿಂದಲೇ ಜಾರುವ ವೇಗ ತಗ್ಗಿ ಹುಡುಗ ಬದುಕಿದ ಎಂದರು ಮೋಟಾರು ವಾಹನ ನಿರೀಕ್ಷಕರು. ಬಾನೆಟ್ ಎತ್ತಿದರೆ, ಟರ್ಬೊದಿಂದ ಹೊರಟ ಸಣ್ಣ ರಬ್ಬರ್ ಕೊಳವೆಗೆ ಯಾರೋ ನೇರಳೆ ರೇಷ್ಮೆ ನೂಲು ಸುತ್ತಿ ಹಿಸುಕಿ ಬಿಗಿದಿದ್ದರು. ಗಂಟು ಸಾಸಿವೆಯಷ್ಟಿತ್ತು. ತುದಿಗಳನ್ನು ಬುಡಕ್ಕೇ ಕತ್ತರಿಸಲಾಗಿತ್ತು.

“ನೇಕಾರ್ರ ಗಂಟು ಮೇಡಂ ಇದು,” ಎಂದರು ಹೆಡ್ ಕಾನ್ಸ್‌ಟೇಬಲ್ ದೊಡ್ಡಮಾದಪ್ಪ. “ಎಳೆ ಕಿತ್ತೋದ್ರೆ ಇಂಗೇ ಆಕಾದು. ತುದಿ ಬಿಟ್ರೆ ಸೀರೇಲಿ ಕಾಣ್ತದಲ್ಲ.”

ಮಾಲಿನಿಯೂ ನೇಕಾರರ ಮನೆಯವಳೇ. ಇಂಚರ ಮಧ್ಯಾಹ್ನವೇ ಕೊಳ್ಳೇಗಾಲದ ಅವಳ ಗ್ಯಾರೇಜಿಗೆ ಹೋದರು. ಗ್ರೀಸ್ ಮೆತ್ತಿದ ಕೈಯಲ್ಲಿ ನಿಂತಿದ್ದ ಮಾಲಿನಿ ಪೊಲೀಸ್ ಜೀಪು ಕಂಡು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಅವಳ ಗತ್ತು ಇಂಚರ ಅವರಿಗೆ ಹಿಡಿಸಿತು. ಆದರೂ ಮುಖ ಸಡಿಲಿಸಲಿಲ್ಲ.

“ಕಾರಿಗೆ ಏನು ಮಾಡಿದೆ?”

“ಮೊದ್ಲು ಬ್ರೇಕು, ಆಮೇಲೆ ಕ್ಲಚ್ಚು, ಗಾಳಿ ತಣ್ಣಗೆ ಮಾಡೋ ದೊಡ್ಡ ಇಂಟರ್‌ಕೂಲರು. ಅವೆಲ್ಲ ಆದ್ಮೇಲೇ ಟರ್ಬೊ ಎಂಜಿನ್‌ಗೆ ನುಗ್ಸೋ ಗಾಳಿ ಒಂಚೂರು ಏರ್ಸಿದ್ದು. ಮೀಟರ್ ನೋಡ್ಕಂಡು, ಎಂಜಿನ್ ತಡಿಯೋವಷ್ಟೇ. ಗಾಡಿಯೋರು ಇನ್ನೂ ಏರ್ಸು ಅಂದ್ರು. ಆಗಲ್ಲ ಅಂದೆ.”

“ಈ ಕೊಳವೆ?”

“ಗಾಳಿ ಮಿತಿ ಮೀರಿದ್ರೆ ಟರ್ಬೊನ ತಡಿಯೋದೇ ಇದು. ಇದನ್ನ ಕಟ್ಟಿದ್ರೆ ಟರ್ಬೊಗೆ ಲಗಾಮೇ ಇಲ್ಲ. ಹಳೇ ಗಾಡಿ, ತಡಿಯಕ್ಕೆ ಕಂಪ್ಯೂಟರೂ ಇಲ್ಲ. ಏರಲ್ಲಿ ತುಳಿದ್ರೆ ಎಂಜಿನ್ ಹೋಯ್ತದೆ.”

ಇಂಚರ ಗಂಟಿನ ಫೋಟೊ ಮುಂದೆ ಹಿಡಿದರು. ಮಾಲಿನಿಯ ಮುಖ ಬಿಳಿಚಿಕೊಂಡಿತು. ಸುಮ್ಮನಿದ್ದರೆ ಗ್ಯಾರೇಜು ಹೋಗುತ್ತದೆ, ಬಾಯಿಬಿಟ್ಟರೆ ಮನೆ ಒಡೆಯುತ್ತದೆ. ಬೇರೆಯವರಾಗಿದ್ದರೆ ಮಾತು ನುಂಗಿಕೊಳ್ಳುತ್ತಿದ್ದರು. ಇವಳು ತಲೆ ಎತ್ತಿಯೇ ಹೇಳಿದಳು.

“ನಂದಲ್ಲ. ನಾನು ಕ್ಲಿಪ್ ಹಾಕೋದು. ನಿನ್ನೆ ಬೆಳಿಗ್ಗೆ ಓಡ್ಸಿ ನೋಡ್ದಾಗ ಗಾಡಿ ಸರಿಯಾಗಿತ್ತು. ಊಟಕ್ಕೆ ಹೋದಾಗ ನಮ್ಮಣ್ಣ ಇಲ್ಲಿ ಕೂತಿದ್ದ. ಆಮೇಲೆ ಗಾಡಿಯೋರು ಬಂದು ಕಾರು ತಕಂಡೋದ್ರು. ಈ ನೇರಳೆ ನಮ್ಮನೆ ಮಗ್ಗದ ಮೇಲೈತೆ, ಹೋಗಿ ನೋಡಿ.”

ಮನೆಯಲ್ಲಿ ಅವಳ ಅಣ್ಣ ಗಣೇಶ್ ಮಗ್ಗದ ಮುಂದೆಯೇ ಕೂತಿದ್ದ. ದೊಡ್ಡಮಾದಪ್ಪ ನೂಲನ್ನು ಹೋಲಿಸಿ ನೋಡಿ, ಪಂಚರ ಎದುರು ವಶಕ್ಕೆ ತೆಗೆದುಕೊಂಡರು.

“ಕೊಳವೆ ಕಟ್ಟಿದ್ದು ನೀನಾ?”

“ನಾನೇ.” ಕೈಯಲ್ಲಿದ್ದ ಲಾಳಿಯನ್ನು ಕೆಳಗಿಡಲಿಲ್ಲ.

“ಯಾಕೆ?”

“ಗಾಳಿ ಕೊಳವೆ ಇಸುಕಿದ್ರೆ ಗಾಡಿ ಎಳಿಯಾಕಿಲ್ಲ ಅನ್ಕಂಡೆ. ಇವ್ಳಿಗೆ ಕೆಲ್ಸ ಬರಾಕಿಲ್ಲ ಅಂತ ಜನ ಉಗುದ್ರೆ ಗ್ಯಾರೇಜ್ ಮುಚ್ತಾಳೆ, ಮಗ್ಗಕ್ಕೆ ಬತ್ತಾಳೆ ಅಂತ. ಆ ಹೈದನ ಮೂಳೆ ಮುರೀಲಿ ಅಂತ ಅಲ್ಲ ಮೇಡಂ.”

ಬಲ ಕುಗ್ಗಲಿ ಎಂದು ಕಟ್ಟಿದ ನೂಲು ಇದ್ದ ಮಿತಿಯನ್ನೇ ತೆಗೆದುಹಾಕಿತ್ತು. ಒಬ್ಬರಿಂದ ನೇಯಲಾಗದ ಅಗಲ ಅಂಚಿನ ಸೀರೆಗೆ ಈ ಮನೆಯಲ್ಲಿ ಅಣ್ಣ-ತಂಗಿ ಜೋಡಿಯಾಗಿ ಕೂರುತ್ತಿದ್ದರು. ತಂಗಿ ಎದ್ದುಹೋದ ಮೇಲೆ ಗಣೇಶ್‌ನ ಕೈಗೆ ಇನ್ನೊಬ್ಬರ ಕೈ ಹೊಂದಲೇ ಇಲ್ಲ. ಅಂಥ ಸೀರೆ ಮತ್ತೆ ಅವನ ಮಗ್ಗದಿಂದ ಇಳಿಯಲಿಲ್ಲ.

ಸಂಜೆ ಐದೂವರೆಗೆ ದಸ್ತಗಿರಿ ಆಯಿತು. ಜೀಪು ಹತ್ತುವಾಗ ಗಣೇಶ್, ಅಷ್ಟರಲ್ಲಿ ಮನೆಗೆ ಬಂದಿದ್ದ ತಂಗಿಯತ್ತ ತಿರುಗಿ ನೋಡಿದ.

“ಈಗ್ಲಾದ್ರೂ ಮುಚ್ಚೀಯಾ?”

“ನಾಳೆ ಬೆಳಿಗ್ಗೆನೇ ಬಾಗ್ಲು ತೆಗೀತೀನಿ ಕಣಣ್ಣ.”

ಇಂಚರ ಅವಳನ್ನು ಪಕ್ಕಕ್ಕೆ ಕರೆದರು. “ಮಗ್ಗಕ್ಕೆ ಬಾ ಅಂತ ನಿನ್ನ ಕೇಳಿದ್ನಾ ಯಾವತ್ತಾದ್ರೂ?”

“ಒಂದ್ಸಲಾನೂ ಇಲ್ಲ.”

“ಕೇಳಿದ್ರೆ ಹೋಗ್ತಿದ್ದೆಯಾ?”

“ಇಲ್ಲ ಮೇಡಂ, ಮುಖಕ್ಕೇ ಹೇಳ್ತಿದ್ದೆ.” ಹರಿಯುತ್ತಿದ್ದ ಕಣ್ಣೀರನ್ನು ಮಾಲಿನಿ ಒರೆಸಿಕೊಳ್ಳಲಿಲ್ಲ. “ಬಾಯಿಗೆ ಬಂದಂಗೆ ಜಗಳ ಆಡ್ಕಂಡು, ಆಮೇಲೆ ಇಬ್ರೂ ಒಟ್ಟಿಗೇ ಉಣ್ತಿದ್ವಿ.”