ಹನ್ನೆರಡು ತಿಂಗಳ ಅಜ್ಜಿ

ಅವನಿಗೆ ಹೊಟ್ಟೆಯುರಿ ಶುರುವಾದದ್ದು ಸರಿಯಾಗಿ ಊಟದ ಹೊತ್ತಿನಲ್ಲಿ. ಅವನು ಕೆಲಸ ಮಾಡುವ ಬಟ್ಟೆ ಅಂಗಡಿಯ ಕ್ಯಾಷಿಯರ್ ಬುತ್ತಿ ಡಬ್ಬಿ ಮುಚ್ಚುತ್ತಾ, ಬೇಡಬೇಡವೆಂದರೂ ಸುದ್ದಿ ಹೇಳಿದ.

"ಈ ಸಲ ತೆರಿಗೆ ಎಷ್ಟು ವಾಪಸ್ ಬಂತು ಗೊತ್ತೇನಯ್ಯಾ? ಗಂಡ ಹೆಂಡ್ತಿ ಇಬ್ರೂ ದುಡೀತಿದ್ದು, ಮಗೂನ ಅಜ್ಜಿ ನೋಡ್ಕೊಂಡ್ರೆ ರಿಯಾಯಿತಿ ಇದೆ. ಪುರಾವೆಗೆ ತಿಂಗಳಿಗೊಂದು ಫೋಟೊ ಕೇಳಿದ್ರು, ಕೊಟ್ಟೆ. ಅಷ್ಟೇ."

ಗಂಡ ಹೆಂಡತಿ ದುಡಿಯುವ ಮನೆ ಅವನದೂ ಹೌದು. ಮಗಳು ಮಾತ್ರ ಡೇ ಕೇರ್‌ನಲ್ಲಿ ಬೆಳೆಯುತ್ತಿದ್ದಳು, ಮತ್ತು ಡೇ ಕೇರ್‌ಗೆ ರಿಯಾಯಿತಿ ಇರಲಿಲ್ಲ. ಪುಕ್ಕಟೆ ಅಜ್ಜಿ ಸಿಕ್ಕವನಿಗೆ ದುಡ್ಡು ವಾಪಸ್, ದುಡ್ಡು ಸುರಿಯುವವನಿಗೆ ಸೊನ್ನೆ. ಹೊಟ್ಟೆ ತುಂಬಿದವನ ತಟ್ಟೆಗೇ ಇನ್ನೊಂದು ಸೌಟು ಬಡಿಸುವುದು ಯಾವ ಸೀಮೆಯ ನ್ಯಾಯ ಎಂದು ಅವನು ಮೂರು ದಿನ ಕುದ್ದ.

ಅತ್ತೆಯನ್ನು ಕೇಳುವಂತಿರಲಿಲ್ಲ. ಮಗು ಹುಟ್ಟಿದಾಗಲೇ ಆಕೆ ತೀರ್ಪು ಕೊಟ್ಟಾಗಿತ್ತು. "ಮೂರು ಮಕ್ಕಳನ್ನ ಸಾಕಿ ನನ್ನ ಸೊಂಟ ಹೋಯ್ತು, ಅಳಿಯಂದ್ರೇ. ಭಾನುವಾರ ಬಂದು ಮುದ್ದು ಮಾಡಿ ಹೋಗ್ತೀನಿ. ಮಿಕ್ಕ ದಿನ ನಿಮ್ಮ ಪಾಡು ನಿಮಗೆ."

ಆ ದುಡ್ಡು ಬಂದರೆ ಅವನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಭಾನುವಾರದ ಹೆಚ್ಚುವರಿ ಪಾಳಿ ಬಿಡಬಹುದಿತ್ತು. ವಾರಕ್ಕೊಂದು ದಿನವಾದರೂ ಮೂವರೂ ಮಧ್ಯಾಹ್ನದವರೆಗೆ ಬಿದ್ದುಕೊಂಡಿರಬಹುದಿತ್ತು. ಸುಳ್ಳು ಪುರಾವೆ ಕೊಟ್ಟು ಸಿಕ್ಕಿಬಿದ್ದರೆ ಮೂರು ಪಟ್ಟು ದಂಡ, ಜೊತೆಗೆ ಅಂಗಡಿಯ ಮಾಲೀಕರಿಗೊಂದು ಕಾಗದ. ಆದರೆ ಅವನು ಸಿಕ್ಕಿಬೀಳುವವನಲ್ಲ. ಕಾಲ ಬದಲಾಯಿಸುವುದೇ ಅವನ ಕಸುಬಾಗಿತ್ತು.

ಅಂಗಡಿಯ ಗಾಜಿನ ಕಿಟಕಿಯಲ್ಲಿ ಗೊಂಬೆಗಳಿಗೆ ಬಟ್ಟೆ ತೊಡಿಸುವವನು ಅವನೇ. ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ಚಳಿಗಾಲ ತರಬಲ್ಲವನು. ಹತ್ತು ವರ್ಷದಿಂದ ಅವೇ ಐದು ಗೊಂಬೆಗಳು. ಅವು ಉಣ್ಣೆ ತೊಟ್ಟರೆ ಬೀದಿಯ ಜನ ಸ್ವೆಟರ್ ಕೊಳ್ಳುತ್ತಿದ್ದರು, ರೇನ್‌ಕೋಟ್ ತೊಟ್ಟರೆ ಆಕಾಶ ನೋಡುತ್ತಿದ್ದರು.

ಹೊಸ ವರ್ಷದ ಮೊದಲ ಭಾನುವಾರ, ಹೆಂಡತಿ ಪಾಳಿಗೆ ಹೋದಮೇಲೆ, ಅವನು ಅತ್ತೆಗೆ ಗುಟ್ಟು ಹೇಳಿದ. "ನಿಮ್ಮ ಮಗಳಿಗೆ ಒಂದು ಆಲ್ಬಮ್ ಮಾಡ್ಕೊಡೋಣ ಅತ್ತೆ. ಅಜ್ಜಿ ಮೊಮ್ಮಗಳದ್ದು. ಅವಳಿಗೆ ಈಗಲೇ ಹೇಳ್ಬೇಡಿ." ಅತ್ತೆ ಕನ್ನಡಕ ತೆಗೆದಿಟ್ಟು ಕನ್ನಡಿಯ ಮುಂದೆ ಹೋದವರು ಅರ್ಧ ಗಂಟೆ ಬರಲೇ ಇಲ್ಲ.

ಒಂದೇ ಹಗಲಲ್ಲಿ ಅವನು ಕಳೆದ ವರ್ಷವನ್ನು ಪೂರ್ತಿ ಕಟ್ಟಿ ನಿಲ್ಲಿಸಿದ. ಜನವರಿಗೆ ಉಣ್ಣೆ, ಶಾಲು, ಮುಚ್ಚಿದ ಕಿಟಕಿ. ಏಪ್ರಿಲ್‌ಗೆ ತೆಳು ಹತ್ತಿ, ತಿರುಗುವ ಫ್ಯಾನು. ಜುಲೈಗೆ ಛತ್ರಿಯ ಮೇಲೆ ಒಂದು ಚೊಂಬು ನೀರು ಸುರಿದು ಮೂಲೆಯಲ್ಲಿ ಸೋರಲು ಬಿಟ್ಟ. ರದ್ದಿ ರಾಶಿಯಿಂದ ಆಯಾ ತಿಂಗಳ ಪೇಪರ್ ಹುಡುಕಿ ಟೀಪಾಯಿಯ ಮೇಲೆ ಹರಡಿದ. ಸೋಫಾ ಎರಡು ಸಲ ಜಾಗ ಬದಲಿಸಿತು, ಗಡಿಯಾರದ ಮುಳ್ಳು ಹನ್ನೆರಡು ಸಲ. ಕ್ಯಾಮೆರಾದ ತಾರೀಖನ್ನೂ ಪ್ರತಿ ಸಲ ತಿದ್ದಿದ. ಮೇ ತಿಂಗಳಲ್ಲೂ ಆಗಸ್ಟಿನಲ್ಲೂ ಅತ್ತೆಯ ಕೈಯಲ್ಲಿ ಒಂದೇ ಬಳೆ ಇದ್ದದ್ದು ಕಣ್ಣಿಗೆ ಬಿದ್ದಾಗ ಅವನಿಗೆ ತನ್ನ ಬಗ್ಗೆಯೇ ಗೌರವ ಹುಟ್ಟಿತು. ಬಳೆ ಬದಲಿಸಿ ಆಗಸ್ಟನ್ನು ಮತ್ತೊಮ್ಮೆ ತೆಗೆದ.

ಅತ್ತೆಗೆ ಉತ್ಸಾಹವೋ ಉತ್ಸಾಹ. "ಇನ್ನೊಂದು ತೆಗೀರಿ ಅಳಿಯಂದ್ರೇ, ಇದ್ರಲ್ಲಿ ನನ್ನ ಗದ್ದ ಎರಡಾಗಿದೆ." ಕನ್ನಡಕ ಇನ್ನೂ ಅಲಮಾರಿನಲ್ಲೇ ಇತ್ತು. ಸ್ಟುಡಿಯೋದವರಿಗೆ ಬೇಕಂತೆ ಎಂದು ತೆರಿಗೆ ರಿಯಾಯಿತಿಯ ಅರ್ಜಿ ಮುಂದಿಟ್ಟಾಗ ಅವನು ಬೆರಳಿಟ್ಟು ತೋರಿಸಿದ ಕಡೆ ಆಕೆ ಚೆಂದವಾಗಿ ಸಹಿ ಹಾಕಿದರು. ಇಲಾಖೆಯವರು ಫೋನ್ ಮಾಡಿದರೂ ಭಯವಿಲ್ಲ, ಗೊತ್ತಿಲ್ಲದ ನಂಬರಿನ ಕರೆಯನ್ನು ಅತ್ತೆ ಈ ಜನ್ಮದಲ್ಲಿ ಎತ್ತಿದವರಲ್ಲ.

ತಿಂಗಳೊಳಗೆ ತೆರಿಗೆ ಕಚೇರಿಯಿಂದ ಕರೆ ಬಂತು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತಿದ. ಅಧಿಕಾರಿಣಿ ನಗುಮುಖದ ಹೆಂಗಸು. ಹನ್ನೆರಡು ಫೋಟೊಗಳನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡಿದ್ದರು.

"ಇಷ್ಟು ಅಚ್ಚುಕಟ್ಟಾಗಿ ಯಾರೂ ತಂದುಕೊಡಲ್ಲ," ಎಂದರು. "ಆ ಛತ್ರಿ ನೋಡಿ, ಈಗಷ್ಟೇ ಮಳೇಲಿ ಬಂದ ಹಾಗಿದೆ."

"ನಮ್ಮತ್ತೆ ಮಳೆಗೂ ಜಗ್ಗೋರಲ್ಲ ಮೇಡಂ," ಎಂದ ಅವನು. ಮನಸ್ಸಿನಲ್ಲಿ ಆಗಲೇ ಭಾನುವಾರವಾಗಿತ್ತು.

"ಮಗು ಹುಟ್ಟಿದ ತಾರೀಖು ನೀವೇ ಬರೆದದ್ದು ತಾನೇ? ಹೋದ ವರ್ಷಕ್ಕೂ ಹಿಂದಿನ ನವೆಂಬರ್ ಹತ್ತು."

"ಹೌದು ಮೇಡಂ."

"ಹಾಗಾದ್ರೆ ಈ ಫೋಟೊ ತೆಗೆದಾಗ ಕೂಸಿಗೆ ಎರಡು ತಿಂಗಳು," ಎಂದು ಆಕೆ ಜನವರಿಯನ್ನು ಅವನ ಕಡೆಗೆ ತಳ್ಳಿದರು. ಶಾಲು ಸರಿಯಾಗಿತ್ತು, ಪೇಪರ್ ಸರಿಯಾಗಿತ್ತು, ಕಿಟಕಿ ಮುಚ್ಚಿತ್ತು. ಅವನು ಒಂದು ಕ್ಷಣ ಹೆಮ್ಮೆಯಿಂದಲೇ ನೋಡಿದ. ಆಮೇಲೆ ಮಗಳನ್ನು ನೋಡಿದ. ಉಣ್ಣೆಯ ಸ್ವೆಟರ್ ತೊಟ್ಟ ಅವನ ಎರಡು ತಿಂಗಳ ಮಗಳು, ಅಜ್ಜಿಯ ಮಂಡಿಯನ್ನೂ ಹಿಡಿಯದೆ, ತನ್ನೆರಡು ಕಾಲ ಮೇಲೆ ಗಟ್ಟಿಯಾಗಿ ನಿಂತು, ಆರು ಹಲ್ಲು ಬಿಟ್ಟುಕೊಂಡು ನಗುತ್ತಿದ್ದಳು.