ಪೀಪಾಯಿ ಬೆನ್ವಿಂದಾ ಮತ್ತು ನಿಶ್ಚಿಂತೆಯ ದೋಣಿ

ಬಹಳ ಬಹಳ ಹಿಂದೆ, ಪಡುವಣ ಕಡಲಿನ ಆಚೆ, ಪೋರ್ಚುಗಲ್ ಸೀಮೆಯ ಒಂದು ಪುಟ್ಟ ರಾಜ್ಯದಲ್ಲಿ ದೋರೊ ಎಂಬ ಹೊಳೆ ಹರಿಯುತ್ತಿತ್ತು. ಹೊಳೆಯ ಎರಡೂ ಕಡೆ ಗುಡ್ಡ. ಗುಡ್ಡದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಕಟ್ಟೆ. ಕಟ್ಟೆಗಳ ಮೇಲೆಲ್ಲ ದ್ರಾಕ್ಷಿ. ಆ ರಾಜ್ಯದವರು ದ್ರಾಕ್ಷಿ ಬೆಳೆಯುತ್ತಿದ್ದರು, ದ್ರಾಕ್ಷಿ ತುಳಿಯುತ್ತಿದ್ದರು, ರಸವನ್ನು ಪೀಪಾಯಿಗೆ ತುಂಬಿ ಅದು ಹುಳಿತು ಮದ್ಯವಾಗುವವರೆಗೆ ಕಾಯುತ್ತಿದ್ದರು. ಕಾಯುವಾಗಲೂ ಸುಮ್ಮನಿರುತ್ತಿರಲಿಲ್ಲ, ಬಿದ್ದ ಕಟ್ಟೆ ಎತ್ತಿ ಕಟ್ಟುತ್ತಿದ್ದರು. ಹಗಲು ಹೊತ್ತಿನಲ್ಲಿ ಯಾರಾದರೂ ಕೂತಿದ್ದು ಕಂಡರೆ ಮೈ ಹುಷಾರಿಲ್ಲವೇ ಎಂದು ಕೇಳುವ ಊರು ಅದು.

ಆ ಊರಿನಲ್ಲಿ ಬೆನ್ವಿಂದಾ ಎಂಬ ಹೆಂಗಸು ಪೀಪಾಯಿ ಕಟ್ಟುತ್ತಿದ್ದಳು. ಅವಳ ಕೈಯ ಪೀಪಾಯಿ ಇಪ್ಪತ್ತು ವರ್ಷವಾದರೂ ಒಂದು ಹನಿ ಸೋರುತ್ತಿರಲಿಲ್ಲ. ಅದಕ್ಕೆ ಕಾರಣ ಅವಳ ಅನುಮಾನ. ಮರ ಕಂಡರೆ ಅನುಮಾನ, ಕಬ್ಬಿಣದ ಪಟ್ಟಿ ಕಂಡರೆ ಅನುಮಾನ. ಏನು ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ನಂಬುವುದು. ಅಂಗಡಿಯ ರೊಟ್ಟಿಯನ್ನೂ ತಟ್ಟುತ್ತಿದ್ದಳು. ಒಮ್ಮೆ ಅವಳನ್ನು ನೋಡಲು ಬಂದ ಗಂಡಿನ ಬೆನ್ನನ್ನೂ ತಟ್ಟಿದಳಂತೆ. ಆ ಸಂಬಂಧ ಕೂಡಿ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅವಳಿಗೆ ಇದ್ದವನು ಒಬ್ಬನೇ ತಮ್ಮ, ಜಸಿಂತು. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅವನನ್ನು ಸಾಕಿ ಬೆಳೆಸಿದ್ದು ಅಕ್ಕನೇ. ದ್ರಾಕ್ಷಿ ತುಳಿಯುವುದರಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ. ಬೆಳಗ್ಗೆ ಅಕ್ಕನಿಗೆ ಕೊಯ್ದ ಮರ ತಂದು ಕೊಟ್ಟು, ಮಧ್ಯಾಹ್ನ ಬುಟ್ಟಿ ಹೊತ್ತು, ಸಂಜೆ ಕಲ್ಲಿನ ತೊಟ್ಟಿಗೆ ಇಳಿದು ಮೊಣಕಾಲುದ್ದದ ಹಣ್ಣಿನಲ್ಲಿ ನಿಲ್ಲುತ್ತಿದ್ದ. ಅಕ್ಕ ಅವನನ್ನು ಹೊಗಳುತ್ತಿರಲಿಲ್ಲ. ಹೊಗಳಿದರೆ ಹುಡುಗರು ಸಡಿಲವಾಗುತ್ತಾರೆ ಎಂಬುದು ಅವಳ ಇನ್ನೊಂದು ಅನುಮಾನ.

ಆ ಹೊಳೆಗೆ ಪ್ರತಿವರ್ಷ ಸುಗ್ಗಿಯ ಹೊತ್ತಿಗೆ ಒಂದು ದೋಣಿ ಬರುತ್ತಿತ್ತು. ಬಿಳಿಯ ದೋಣಿ. ಹುಟ್ಟು ಇಲ್ಲ, ಹಾಯಿ ಇಲ್ಲ, ಹರಿವಿನ ಮೇಲಕ್ಕೂ ಅಷ್ಟೇ ನಿಧಾನ, ಕೆಳಕ್ಕೂ ಅಷ್ಟೇ ನಿಧಾನ. ಅದರ ಹೆಸರು ನಿಶ್ಚಿಂತೆ. ಅದರ ಯಜಮಾನ ದೊಂ ಅಮಾದೇವು. ಹೊಳೆಯ ಮೇಲೆ ಮೂರು ದಿನದ ವಿಹಾರ, ಎಲ್ಲ ಪುಕ್ಕಟೆ, ದಣಿದವರು ಯಾರು ಬೇಕಾದರೂ ಬರಬಹುದು ಎಂದು ಅವನು ಕೂಗಿ ಹೇಳುತ್ತಿದ್ದ. ಎರಡು ವರ್ಷದ ಹಿಂದೆ ಸ್ವತಃ ರಾಜನೇ ಹತ್ತಿ ಹೋದ. ತಿರುಗಿ ಬರಲಿಲ್ಲ. ರಾಜ್ಯ ಮೊದಲಿನ ಹಾಗೇ ನಡೆದಿದ್ದರಿಂದ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಕಳೆದ ವರ್ಷ ಜಸಿಂತು ಹೋದ. ಮೂರೇ ದಿನ ಅಕ್ಕಾ ಎಂದು ಹೇಳಿ ಹೋದವನೂ ಬರಲಿಲ್ಲ.

ಬಂದದ್ದು ಓಲೆಗಳು. ತಿಂಗಳಿಗೊಂದು. "ಇಲ್ಲಿ ಎಲ್ಲ ಚೆನ್ನಾಗಿದೆ. ಬಿಸಿಲು ಹಿತವಾಗಿದೆ. ನೀನೂ ಬಾ." ಮುತ್ತಿನಂಥ ಅಕ್ಷರ. ನೆರೆಯವರು ಸಂತೋಷಪಟ್ಟರು. ಬೆನ್ವಿಂದಾ ಓಲೆಯನ್ನು ತಟ್ಟಿ ನೋಡಿದಳು, ಮೂಸಿ ನೋಡಿದಳು. ಜಸಿಂತುವಿಗೆ ಓದು ಬರಹ ಬರುತ್ತಿರಲಿಲ್ಲ. ಅಲ್ಲಿ ಹೋಗಿ ಕಲಿತಿರಬೇಕು ಎಂದರು ನೆರೆಯವರು. ಅವಳು ಹೋಗಿ, ದೋಣಿ ಹತ್ತಿದ್ದ ಇನ್ನೂ ಇಬ್ಬರ ಮನೆಯಲ್ಲಿ ಓಲೆ ಕೇಳಿ ನೋಡಿದಳು. ಅದೇ ಅಕ್ಷರ, ಅದೇ ಮಾತು, ಅದೇ ಹಿತವಾದ ಬಿಸಿಲು. ತಮ್ಮ ಎಲ್ಲೋ ಸಿಕ್ಕಿಬಿದ್ದಿದ್ದಾನೆ, ಅವನನ್ನು ಬಿಡಿಸಿ ತರದೆ ತನಗೆ ಬದುಕಿಲ್ಲ ಎಂದು ಅವಳು ನಿಶ್ಚಯ ಮಾಡಿಕೊಂಡಳು.

ಈ ವರ್ಷದ ಸುಗ್ಗಿಗೆ ದೋಣಿ ಬಂದಾಗ ಅವಳು ಒಂದು ಕೈಯಲ್ಲಿ ಮರದ ಸುತ್ತಿಗೆ, ಇನ್ನೊಂದು ಕೈಯಲ್ಲಿ ಬಾಚಿ ಹಿಡಿದು ಹೊಳೆದಂಡೆಗೆ ಹೋದಳು. ಊರಿನ ಹನ್ನೆರಡು ಜನ ಆಗಲೇ ನಿಂತಿದ್ದರು. ಮೊದಲ ದಿನದ ತುಳಿತ ಮುಗಿಸಿ ಬಂದವರು, ಕಾಲೆಲ್ಲ ನೇರಳೆ ಬಣ್ಣ.

ಆ ಊರಿನ ತುಳಿತಕ್ಕೆ ಒಂದು ಕಟ್ಟಳೆ ಇತ್ತು. ತುಳಿಯುವವರು ಸಾಲಾಗಿ ನಿಂತು ತೋಳಿಗೆ ತೋಳು ಸಿಕ್ಕಿಸಬೇಕು. ಕೂಗುವವನು ಒಬ್ಬ ತೊಟ್ಟಿಯ ಅಂಚಿನಲ್ಲಿ ನಿಂತು "ಎಡ, ಬಲ, ಎಡ, ಬಲ" ಎಂದು ತಾಳ ಹಿಡಿದು ಕೂಗಬೇಕು. ಅವನೇ ಬಾಯಿಬಿಟ್ಟು "ಬಿಡುಗಡೆ" ಎನ್ನುವವರೆಗೆ ಯಾರೂ ತೋಳು ಬಿಡುವಂತಿಲ್ಲ, ತೊಟ್ಟಿಯಿಂದ ಕಾಲು ತೆಗೆಯುವಂತಿಲ್ಲ. ಆದರೆ ಕೂಗುವವನು ತಡವರಿಸಿ ಒಂದೇ ಕಾಲನ್ನು ಎರಡು ಸಲ ಕರೆದನೋ, ಅವನ ಅಧಿಕಾರ ಹೋಯಿತು. ಆಗ ತಾಳ ತಪ್ಪದೆ ಉಳಿದವರು ಯಾರೋ ಅವರೇ ಕೂಗುವವರು. ಪೀಪಾಯಿ ಕಟ್ಟುವವರು ಮಾತ್ರ ತೊಟ್ಟಿಗೆ ಇಳಿಯುವಂತಿರಲಿಲ್ಲ. ಅವರ ಕಾಲಿಗೆ ಮರದ ಹೊಟ್ಟು ಅಂಟಿರುತ್ತದೆ, ರಸ ಕೆಡುತ್ತದೆ.

ದೊಂ ಅಮಾದೇವು ದೋಣಿಯ ಅಂಚಿನಲ್ಲಿ ನಿಂತು ನಕ್ಕ. ನೀಲಿಯ ನಿಲುವಂಗಿ, ಜೇನಿನಂಥ ದನಿ. ಹಲಗೆ ಕಿರಿದಾಗಿದೆ, ಜೋಪಾನ ಎಂದವನೇ "ಎಡ, ಬಲ, ಎಡ, ಬಲ" ಎಂದು ಶುರುಮಾಡಿದ. ಹನ್ನೆರಡು ಜನರೂ ಹುಟ್ಟಿದಾಗಿನಿಂದ ಬಂದ ಅಭ್ಯಾಸಕ್ಕೆ ತೋಳಿಗೆ ತೋಳು ಸಿಕ್ಕಿಸಿಕೊಂಡು, ಹೆಜ್ಜೆ ಹಾಕುತ್ತ ಒಳಗೆ ಹೋದರು. ಬೆನ್ವಿಂದಾಳ ತೋಳು ಖಾಲಿ ಇರಲಿಲ್ಲ. ಅವಳು ತನ್ನ ಪಾಡಿಗೆ ತಾನು ಹಿಂದಿನಿಂದ ಹತ್ತಿದಳು. ಹತ್ತಿ ಎಷ್ಟು ಹೊತ್ತು ಕಾದರೂ ದೊಂ ಅಮಾದೇವು "ಬಿಡುಗಡೆ" ಎನ್ನಲಿಲ್ಲ. ಬೇರೆ ಯಾರಿಗೂ ಅದು ನೆನಪಾಗಲಿಲ್ಲ. ಅವಳಿಗೆ ನೆನಪಾಯಿತು.

ಮೊದಲ ದಿನ ದೋಣಿ ಕಮಾನಿನ ಸೇತುವೆಗಳ ಕೆಳಗೆ, ಬಿಳಿಯ ಮನೆಗಳ ಪಕ್ಕದಲ್ಲಿ ಸಾಗಿತು. ಕಿತ್ತಳೆ ತೋಟದ ಗಾಳಿ ಬೀಸಿತು. ಬಡಿಸುವುದಕ್ಕೆ ಒಂದು ಬೂದು ಬಕ ಇತ್ತು. ಅದು ಒಂಟಿ ಕಾಲಿನಲ್ಲಿ ನಿಂತು ಮನುಷ್ಯರ ಹಾಗೆ ಮಾತಾಡುತ್ತಿತ್ತು. ಅದು ಬೆನ್ವಿಂದಾಳಿಗೆ ಮೆತ್ತನೆಯ ಕುರ್ಚಿ ತಂದಿಟ್ಟಿತು. ಅವಳು ಕುರ್ಚಿಯ ಬೆನ್ನನ್ನು ತಟ್ಟಿದಳು. ಒಳಗಿನಿಂದ ಯಾರೋ ನಿಟ್ಟುಸಿರು ಬಿಟ್ಟರು. ಅವಳು ಒಂದು ಬಕೆಟ್ ಕೇಳಿ ಪಡೆದು, ಅದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಉಳಿದ ಹನ್ನೆರಡು ಜನ ಕುರ್ಚಿಯಲ್ಲಿ ಒರಗಿದರು. ಒರಗಿದವರ ಕಾಲಬೆರಳುಗಳು ಸಂಜೆಯ ಹೊತ್ತಿಗೆ ತೆಳ್ಳಗೆ ಉದ್ದವಾಗಿ ಹಲಗೆಯ ಸಂದಿಗೆ ಇಳಿದಿದ್ದವು. ಅವರಿಗೆ ಅದು ಹಾಯಾಗಿಯೇ ಇತ್ತಂತೆ.

ಬಕೆಟ್ಟು ಕೇಳಿದ ಕೂಡಲೇ ಕೊಟ್ಟಿರಲ್ಲ ಎಂದು ಅವಳು ಬಕವನ್ನು ಮಾತಿಗೆಳೆದಳು. ಈ ದೋಣಿಯಲ್ಲಿ ಅತಿಥಿ ಕೇಳಿದ್ದನ್ನು ಇಲ್ಲ ಎನ್ನುವ ಪದ್ಧತಿ ಇಲ್ಲ, ಯಜಮಾನರ ಮಾಯೆ ನಿಂತಿರುವುದೇ ಆ ಮಾತಿನ ಮೇಲೆ ಎಂದಿತು ಬಕ. ಹೇಳಿದ ಮೇಲೆ ಹೆಚ್ಚು ಹೇಳಿದೆನೇನೋ ಎಂದು ಇನ್ನೊಂದು ಕಾಲನ್ನೂ ಕೆಳಗಿಟ್ಟಿತು.

ಎರಡನೆಯ ದಿನ ಗುಡ್ಡಗಳು ಇನ್ನೂ ಎತ್ತರವಾದವು. ಕಟ್ಟೆ ಕಟ್ಟೆಯ ಮೇಲೂ ಬಳ್ಳಿ, ಬಳ್ಳಿ ಬಳ್ಳಿಯಲ್ಲೂ ಕಪ್ಪು ಗೊಂಚಲು. ಎಲ್ಲರೂ ಎಷ್ಟು ಚೆಂದ ಎಂದರು. ಬೆನ್ವಿಂದಾಳಿಗೆ ಚೆಂದ ಕಾಣಲಿಲ್ಲ. ಸುಗ್ಗಿಯ ದಿನಗಳಲ್ಲಿ ಇಷ್ಟು ಹಣ್ಣಿನ ನಡುವೆ ಒಂದು ಬುಟ್ಟಿ ಇಲ್ಲ, ಒಂದು ಏಣಿ ಇಲ್ಲ, ಬಗ್ಗಿದ ಒಂದು ಬೆನ್ನಿಲ್ಲ. ಹಕ್ಕಿಯೂ ಗೊಂಚಲಿಗೆ ಬಾಯಿ ಹಾಕುತ್ತಿರಲಿಲ್ಲ. ಬಳ್ಳಿಗಳಾದರೋ ಒಂದರ ತೋಳಿಗೆ ಇನ್ನೊಂದರ ತೋಳು ಸಿಕ್ಕಿಸಿಕೊಂಡು ಸಾಲಾಗಿ ನಿಂತಿದ್ದವು. ಹಾಗೆ ಸಾಲು ನಿಲ್ಲುವವರನ್ನು ಅವಳು ಬಾಲ್ಯದಿಂದ ನೋಡಿದ್ದಳು.

ಆವತ್ತು ಬಕ ಗಾಜಿನ ಬಟ್ಟಲಲ್ಲಿ ಮದ್ಯ ತಂದಿತು. ಅವಳು ಮೊದಲು ಪೀಪಾಯಿಯನ್ನು ತಟ್ಟಿದಳು. ಹನ್ನೆರಡು ಜನ ಬೆಳಗ್ಗೆಯಿಂದ ಕುಡಿದಿದ್ದರೂ ಅದು ತುಂಬಿದ ಪೀಪಾಯಿಯ ಹಾಗೇ ದಡ್ ಎಂದಿತು. ಆಮೇಲೆ ಬಟ್ಟಲನ್ನು ಮೂಗಿನ ಹತ್ತಿರ ತಂದಳು. ಕೊಯ್ದ ಮರದ ವಾಸನೆ, ಬೆವರಿನ ವಾಸನೆ, ಅದರ ಕೆಳಗೆ ಜಸಿಂತುವಿನ ಅಂಗಿಯ ವಾಸನೆ. ಹದಿನೆಂಟು ವರ್ಷ ಅವಳೇ ಒಗೆದ ಅಂಗಿ. ತಮ್ಮ ಎಲ್ಲಿದ್ದಾನೆ, ಈ ಮದ್ಯ ಯಾವುದರದ್ದು ಎಂದು ಅವಳಿಗೆ ತಿಳಿಯಿತು. ಅವಳು ಬಟ್ಟಲನ್ನು ಹಾಗೇ ಕೆಳಗಿಟ್ಟಳು. ಅತ್ತರೆ ಬಕ ಕರವಸ್ತ್ರ ತರುತ್ತದೆ, ಆ ಕರವಸ್ತ್ರದಲ್ಲಿ ಏನಿದೆಯೋ ಎಂದು ಅವಳು ಅಳುವನ್ನೂ ನುಂಗಿಕೊಂಡಳು.

ಮೂರನೆಯ ದಿನ ಬೆಳಗ್ಗೆ ದೋಣಿ ಒಂದು ತಿರುವಿನಲ್ಲಿ ನಿಂತಿತು. ಬಿಸಿಲು ನಿಜವಾಗಿಯೂ ಹಿತವಾಗಿತ್ತು. ದೊಂ ಅಮಾದೇವು ಒಬ್ಬೊಬ್ಬರ ಹತ್ತಿರವೂ ಬಂದು, ಬಗ್ಗಿ, ಇನ್ನೇನಾದರೂ ಬೇಕೇ ಎಂದು ಕೇಳಿದ. ಮರ್ಯಾದಸ್ಥರು ಏನು ಹೇಳುತ್ತಾರೆ? ಏನೂ ಬೇಡ ಸ್ವಾಮಿ, ಸಾಕು ಎಂದರು. ಹಾಗೆ ಹೇಳಿದವರು ಹೇಳಿದ ಜಾಗದಲ್ಲೇ ಕಾಣೆಯಾದರು. ದಡದ ಖಾಲಿ ಕಟ್ಟೆಯೊಂದರ ಮೇಲೆ ಒಂದೊಂದೇ ಹೊಸ ಬಳ್ಳಿ ಎದ್ದು ನಿಂತು ಪಕ್ಕದ ಬಳ್ಳಿಗೆ ತೋಳು ಸಿಕ್ಕಿಸಿಕೊಂಡಿತು. ಹೀಗೆ ಹನ್ನೆರಡು ಬಳ್ಳಿ.

ಕೊನೆಗೆ ಅವನು ಬಕೆಟ್ಟಿನ ಹತ್ತಿರ ಬಂದ.

"ಇನ್ನೇನಾದರೂ ಬೇಕೇನಮ್ಮ?"

"ಬೇಕು," ಎಂದಳು ಬೆನ್ವಿಂದಾ. "ಒಂದು ಪೀಪಾಯಿ ಕಟ್ಟಬೇಕು. ಮರ ತರಿಸಿ, ಪಟ್ಟಿ ತರಿಸಿ."

ದೊಂ ಅಮಾದೇವುವಿನ ನಗು ಅರ್ಧಕ್ಕೆ ನಿಂತಿತು. ಇಲ್ಲಿ ಯಾರೂ ಕೆಲಸ ಮಾಡುವುದಿಲ್ಲವಲ್ಲ, ಹಾಯಾಗಿರಬಾರದೇ ಎಂದು ಓಲೈಸಿದ. ತನಗೆ ಇದೇ ಹಾಯಿ ಎಂದಳು ಅವಳು. ಇಲ್ಲ ಎನ್ನುವಂತಿರಲಿಲ್ಲ. ಬಕ ಓಕ್ ಮರದ ಹಲಗೆಗಳನ್ನೂ ಕಬ್ಬಿಣದ ಪಟ್ಟಿಗಳನ್ನೂ ಹೊತ್ತು ತಂದಿತು.

ಅವಳು ಹಲಗೆ ಜೋಡಿಸಿದಳು, ಪಟ್ಟಿ ತೊಡಿಸಿದಳು. ಪೀಪಾಯಿಯ ಸುತ್ತ ನಡೆಯುತ್ತ ಸುತ್ತಿಗೆ ಬಡಿಯತೊಡಗಿದಳು. ಟಕ್, ಟಕ್, ಟಕ್, ಟಕ್. ಆ ಸದ್ದು ನೀರಿನ ಮೇಲೆ ಹಾದು ಗುಡ್ಡಕ್ಕೆ ಹೋಯಿತು. ಗಾಳಿ ಇಲ್ಲದಿದ್ದರೂ ಬಳ್ಳಿಗಳು ಸಾಲು ಸಾಲಾಗಿ ಅಲುಗಿದವು. ಅವು ಏಳುತ್ತಿವೆ ಎಂದು ದೊಂ ಅಮಾದೇವುವಿಗೆ ಗೊತ್ತಾಯಿತು. ಅವುಗಳನ್ನು ಹಿಡಿದಿಡುವುದಕ್ಕೆ ಅವನಲ್ಲಿ ಇದ್ದದ್ದು ತನ್ನ ಕೂಗು ಒಂದೇ. ಅವನು ಅಂಚಿಗೆ ಓಡಿ "ಎಡ, ಬಲ, ಎಡ, ಬಲ" ಎಂದು ಶುರುಮಾಡಿದ.

ಬೆನ್ವಿಂದಾ ಮೊದಲು ಅವನ ತಾಳಕ್ಕೇ ಬಡಿದಳು. ಎಡಕ್ಕೊಂದು, ಬಲಕ್ಕೊಂದು. ಅವನಿಗೆ ಧೈರ್ಯ ಬಂತು. ಅವಳು ಒಂದು ಎಳೆಯಷ್ಟು ಬೇಗ ಬಡಿದಳು. ಅವನಿಗೆ ತಿಳಿಯದೆ ಅವನ ನಾಲಿಗೆ ಸುತ್ತಿಗೆಯ ಹಿಂದೆ ಓಡಿತು. ಇನ್ನೊಂದು ಎಳೆ ಬೇಗ. ಅವನ ಹಣೆ ಬೆವರಿತು. ಇನ್ನೂ ಬೇಗ. ಅವಳ ಕೈಗೆ ಮೂವತ್ತು ವರ್ಷದ ಅಭ್ಯಾಸವಿತ್ತು. ಅವನು ಮೂವತ್ತು ವರ್ಷದಲ್ಲಿ ಒಂದು ಕೆಲಸವನ್ನೂ ಬೆವರು ಬರುವಷ್ಟು ಮಾಡಿರಲಿಲ್ಲ.

"ಎಡ, ಬಲ, ಎಡ, ಬಲ, ಬಲ," ಎಂದುಬಿಟ್ಟ ದೊಂ ಅಮಾದೇವು.

ಸುತ್ತಿಗೆ ತಾಳ ತಪ್ಪಲಿಲ್ಲ. ಬೆನ್ವಿಂದಾ ಕೊನೆಯ ಪೆಟ್ಟು ಕೊಟ್ಟು, ತಲೆ ಎತ್ತಿ, ಗುಡ್ಡಕ್ಕೆ ಕೇಳುವ ಹಾಗೆ "ಬಿಡುಗಡೆ" ಎಂದಳು.

ಕಟ್ಟೆಗಳ ಮೇಲೆ ಬಳ್ಳಿಗಳು ತೋಳು ಬಿಟ್ಟವು. ಬಿಟ್ಟ ತೋಳು ಮನುಷ್ಯರ ತೋಳಾಯಿತು, ಗೊಂಚಲು ತಲೆಗೂದಲಾಯಿತು, ಬೇರು ಕಾಲಾಯಿತು. ನೂರಾರು ಜನ ಕಣ್ಣುಜ್ಜಿಕೊಳ್ಳುತ್ತ ನಿಂತರು. ರಾಜನೂ ಇದ್ದ. ಕುರ್ಚಿಗಳು ಮೈಮುರಿದು ಎದ್ದು ಮುದುಕರಾದವು. ಬಕ ಹಳೆಯ ಅಂಬಿಗನಾಯಿತು, ಒಂಟಿ ಕಾಲಿನಲ್ಲಿ ನಿಲ್ಲುವ ಚಾಳಿ ಮಾತ್ರ ಅವನನ್ನು ಬಿಡಲಿಲ್ಲ.

ದೊಂ ಅಮಾದೇವು ನಿಲುವಂಗಿಯೊಳಗೆ ಕರಗುತ್ತಿದ್ದ. ಕೈ ಹೋಯಿತು, ಮುಖ ಹೋಯಿತು, ಕೊನೆಗೆ ದನಿಯೊಂದು ಉಳಿಯಿತು.

"ನಾನು ಯಾರನ್ನೂ ಕೈಹಿಡಿದು ಎಳೆದು ತರಲಿಲ್ಲ," ಎಂದಿತು ಆ ದನಿ. "ನಿನ್ನ ತಮ್ಮನಿಗೆ ಸ್ವಲ್ಪ ಕೂತ್ಕೋ ಅಂತ ಹೇಳಿದವನು ನಾನೊಬ್ಬನೇ."

ಆಮೇಲೆ ದನಿಯೂ ಹೋಯಿತು. ಖಾಲಿ ನಿಲುವಂಗಿಯನ್ನು ಬೆನ್ವಿಂದಾ ಹೊಳೆಗೆ ಎಸೆದಳು. ಮಾತನ್ನು ಎಸೆಯಲು ಆಗಲಿಲ್ಲ. ಮಾಂತ್ರಿಕನ ಮಾತು, ನಂಬಬಾರದು ಎಂದುಕೊಂಡಳು. ಎಷ್ಟು ಅನುಮಾನಪಟ್ಟರೂ ಅದರಲ್ಲಿ ಸುಳ್ಳು ಸಿಗಲಿಲ್ಲ. ಅವಳಿಗೆ ನಾಚಿಕೆಯಾಯಿತು, ದುಃಖವಾಯಿತು.

ಜಸಿಂತು ಕೆಳಗಿನ ಕಟ್ಟೆಯ ಮೇಲೆ ನಿಂತಿದ್ದ. ಮೊಣಕಾಲಿನವರೆಗೆ ಮಣ್ಣು, ಕಿವಿಯ ಹಿಂದೆ ಒಂದು ಹಸಿರೆಲೆ. ಅಕ್ಕ ಬರುವುದನ್ನು ಕಂಡವನು ಗಡಬಡಿಸಿ ಅಂಗಿಯ ತೋಳು ಮಡಿಸಿಕೊಂಡ.

"ತಡವಾಯ್ತು ಅಕ್ಕಾ. ಕೆಲಸ ಎಷ್ಟು ಬಾಕಿ ಇದೆ?"

ಊರಿನಲ್ಲಿ ಮೂವತ್ತು ಪೀಪಾಯಿಗಳಿಗೆ ಪಟ್ಟಿ ಆಗಬೇಕಿತ್ತು. ಉಳಿದ ಹಣ್ಣು ಇನ್ನೂ ಬಳ್ಳಿಯಲ್ಲೇ ಇತ್ತು. ಅವಳು ಅದನ್ನು ಹೇಳಲಿಲ್ಲ.

"ಕೂತ್ಕೋ," ಎಂದಳು.

ಜಸಿಂತು ಅವಳ ಮುಖ ನೋಡಿದ, ಕಟ್ಟೆ ನೋಡಿದ, ಮತ್ತೆ ಅವಳ ಮುಖ ನೋಡಿದ. ಈ ಮಾತು ಅಕ್ಕನ ಬಾಯಲ್ಲಿ ಬಂದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಯಾಕೆ? ಏನಾಗಿದೆ ನಿಂಗೆ?"

"ಏನೂ ಆಗಿಲ್ಲ. ಸುಮ್ನೆ ಕೂತ್ಕೋ. ನಾನೂ ಕೂರ್ತೀನಿ."

ಅವಳೇ ಮೊದಲು ಕೂತಳು. ಅವನು ಪೂರ್ತಿ ನಂಬದೆ, ಯಾವ ಕ್ಷಣಕ್ಕೂ ಏಳುವವನಂತೆ ತುದಿಯಲ್ಲಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಬೆನ್ನು ಕಲ್ಲಿಗೆ ಒರಗಿಸಿದ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಅವನ ತಲೆ ಅಕ್ಕನ ಹೆಗಲಿಗೆ ಬಂತು. ಅವಳು ಅಲುಗಾಡಲಿಲ್ಲ.

ಆ ವರ್ಷ ಆ ರಾಜ್ಯದ ಉಳಿದ ದ್ರಾಕ್ಷಿ ಎರಡು ದಿನ ತಡವಾಗಿ ತೊಟ್ಟಿ ಸೇರಿತು. ಅದರಿಂದ ಯಾರಿಗೂ ಏನೂ ಕೆಡಲಿಲ್ಲ. ಹೋದವರೆಲ್ಲ ಮನೆಗೆ ಬಂದರು, ಉಂಡರು, ದುಡಿದರು, ದಣಿದಾಗ ಒಬ್ಬರಿಗೊಬ್ಬರು ಕೂತ್ಕೋ ಎಂದು ಹೇಳುತ್ತ ಸುಖವಾಗಿ ಬಾಳಿದರು.