ಹುರಿದ ಹುಣಸೆಬೀಜ

"ಮದುವೆ ಬೇಗ ಆಗ್ಲಿ ಅಂತ ನನ್ನ ಕೆಲಸಾನೇ ಹಾಳು ಮಾಡಿದ್ರಾ?!"

ಹೊಸ ಅಗ್ರಹಾರದ ಕನಕರಾಜುವಿನ ಮನೆಯಂಗಳದಲ್ಲಿ ಪ್ರಮೀಳಾ ಕಿರುಚಿದ್ದೇ ತಡ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅವನು ನಿಂತಲ್ಲೇ ನಿಂತ.

"ಏನಾಯ್ತ್ರೀ?"

"ಪುಡೀಲಿ ಏನು ಬೆರೆಸಿದ್ರಿ? ಹೇಳಿ!" ಅವಳ ಕೈಯಲ್ಲೊಂದು ಗಾಜಿನ ಸೀಸೆ. ಒಳಗೆ ಕಂದು ನೀರು...

2008ರ ಯುಗಾದಿ ಕಳೆದ ಮೇಲೆ ಅವಳ ಊರು ಕಟ್ಟೆಮಳಲವಾಡಿಗೆ ಹೆಣ್ಣು ನೋಡಲು ಬಂದವನು ಇವನು. ಮೈಸೂರಿನ ಲ್ಯಾಬಿನಲ್ಲಿ ಸಂಶೋಧನೆ ಮುಗಿಸಲು ಅವಳು ಒಂದು ವರ್ಷ ಕೇಳಿದ್ದಳು. "ಕಾಯ್ತೀನಿ ಬುಡಿ," ಅಂದಿದ್ದ. ಆ ಒಂದು ಮಾತಿಗೇ ಹುಡುಗಿ ಸೋತಿದ್ದಳು!

ಕಣ್ಣಿಗೆ ಕಾಣದಷ್ಟು ಸಣ್ಣ ಸತುವಿನ ಕಣಗಳಿಗೆ ಹುಣಸೆಬೀಜದ ಅಂಟು ಹೊದಿಸುವುದು ಅವಳ ಕೆಲಸ. ನೇರಳೆ ದೀಪ ಹಿಡಿದರೆ ಅವು ಹಸಿರಾಗಿ ಹೊಳೆಯುತ್ತವೆ. ಮೈಗೆ ವಿಷವಾಗದೆ ಒಳಗೆ ಹೋಗಿ, ಕ್ಯಾನ್ಸರ್ ಗಡ್ಡೆ ಎಲ್ಲಿದೆಯೆಂದು ಒಂದು ದಿನ ತೋರಿಸಿಯಾವು ಎಂಬ ಆಸೆ ಅವಳಿಗೆ.

ಬೀಜ ಕೊಡುತ್ತಿದ್ದವನು ಕನಕರಾಜುವೇ. ಈ ಸಲ ಮಾತ್ರ ಬೀಜದ ಬದಲು ಪುಡಿ ಕಳಿಸಿದ್ದ. ಅದರಿಂದ ಮಾಡಿದ್ದರಲ್ಲಿ ಬೆಳಕೇ ಇಲ್ಲ! ಬುಧವಾರದೊಳಗೆ ಹೊಳೆಯುವುದನ್ನು ತೋರಿಸದಿದ್ದರೆ ಕೆಲಸ ನಿಲ್ಲಿಸಿ ಎಂದು ಗೈಡ್ ಹೇಳಿಬಿಟ್ಟಿದ್ದರು. ಹೋದ ವಾರವಷ್ಟೇ ಇವನು ಫೋನಿನಲ್ಲಿ, "ಅವ್ವ ಬೇಗ ಮದ್ವೆ ಆಗ್ಲಿ ಅಂತಾವ್ಳೆ" ಎಂದಿದ್ದ. ಅನುಮಾನಕ್ಕೆ ಇನ್ನೇನು ಬೇಕು!

ಕನಕರಾಜು ಹೊರೆ ಇಳಿಸಿದ. ಕೈಗಳನ್ನು ಹಿಂದಕ್ಕೆ ಸರಿಸಿಕೊಂಡ.

ಒಳಗಿಂದ ಅವನ ತಾಯಿ ಮಲ್ಲಾಜಮ್ಮ ಬಂದಳು. "ಯಾಕವ್ವ ಅಂಗಂತೀಯ? ಸಿಪ್ಪೆ ಬಿಡಿಸಿ ಬಿಡಿಸಿ ನಿನ್ನ ಬೆರಳು ಒಡ್ದಿರೋದ್ನ ನೋಡ್ಬಂದಾಗಿಂದ ಇವನಿಗೆ ನಿದ್ದೆ ಇಲ್ಲ. ಮೂರು ದಿನ ಒಲೆ ಮುಂದೆ ಕೂತು ಬೀಜ ಹುರ್ದು, ಬಿಸಿಬಿಸೀಲೇ ಸಿಪ್ಪೆ ತಗ್ದು, ಬೀಸಿ ಕಳಿಸವ್ನೆ!"

ಹುರಿದು...!

ಪ್ರಮೀಳಾ ಸೀಸೆಯ ಕಂದು ನೀರನ್ನು ಮತ್ತೆ ನೋಡಿದಳು. ಊರಿನವರೆಲ್ಲ ಸಿಪ್ಪೆ ತೆಗೆಯುವುದೇ ಹಾಗೆ. ಆದರೆ ಹುರಿದರೆ ಅಂಟು ಕಂದಾಗಿ ಬೆಳಕನ್ನೇ ನುಂಗಿಬಿಡುತ್ತದೆ. 'ಹುರೀಬೇಡಿ ಅಂತ ನಾನು ಒಂದು ಸಲವೂ ಹೇಳಲಿಲ್ಲವಲ್ಲ...'

ಅವನ ಕೈ ಹಿಡಿದೆಳೆದು ನೋಡಿದಳು. ಬೆರಳ ತುದಿಯಲ್ಲೆಲ್ಲ ಬೊಬ್ಬೆ.

"ತಪ್ಪಾಯ್ತು ಕಣ್ರೀ..." ಎಂದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

"ಕೇಳ್ದೆ ಮಾಡಿದ್ದು ನಂದೂ ತಪ್ಪೇಯ," ಎಂದ ಅವನು ಮೆಲ್ಲಗೆ. ನೋವು ಮುಖದಲ್ಲಿ ಹಾಗೇ ಇತ್ತು. "ಅಟ್ಟದ ಮೇಲೆ ಹಸಿ ಬೀಜ ಐತೆ. ತಕ್ಕೊಂಡು ಹೊರಡಿ, ಬಸ್ಸು ತಪ್ಪೋಯ್ತದೆ."

ಅವಳು ಬೀಜದ ಚೀಲ ಹೊತ್ತು ಹೊರಟಳು.

ಬುಧವಾರ ಬೆಳಿಗ್ಗೆ ಅವನ ಫೋನು ಬಡಿದುಕೊಂಡಿತು.

"ಹೊಳೀತು ಕಣ್ರೀ! ಹಸಿರಾಗಿ... ಎಷ್ಟು ಚೆನ್ನಾಗಿ!" ಅವಳು ಅಳುತ್ತಿದ್ದಳು.

"ಸದ್ಯ! ಇನ್ನು ನೆಮ್ಮದಿಯಾಗಿ ಓದ್ಕಳಿ. ವರ್ಷ ಎರಡಾದ್ರೂ ಕಾಯ್ತೀನಿ."

"ಕಾಯೋದು ಬೇಡ."

ಕನಕರಾಜು ಫೋನನ್ನು ಕಿವಿಗೆ ಒತ್ತಿಕೊಂಡ. "...ಯಾಕ್ರೀ? ನಾನು ಬ್ಯಾಡ್ವಾ?"

"ಸಿಪ್ಪೆ ಬಿಡಿಸೋಕೆ ಜೊತೆ ಬೇಕು ಕಣ್ರೀ ನಂಗೆ. ಅವ್ವನ್ನ ಕರ್ಕೊಂಡು ಭಾನುವಾರ ಮನೆಗೆ ಬನ್ನಿ."

"ಬತ್ತೀನಿ! ಬೀಜಾನೂ ತತ್ತೀನಿ."

"ಹುರಿದೇ ತನ್ನಿ," ಎಂದಳು ಪ್ರಮೀಳಾ, ಕಣ್ಣೊರೆಸಿಕೊಂಡು. "ಇದು ಲ್ಯಾಬಿಗಲ್ಲ. ನಾವಿಬ್ರೂ ಕೂತು ತಿನ್ನೋಕೆ."